ಶ್ರೀನಿವಾಸಪುರದ ಕೇಕ್ ಮನೆ

ನನ್ನ ಜೀವನದ ಮೊದಲ ಹೊಟ್ಟೆಕಿಚ್ಚು ಒಂದು ಮನೆಯ ಮೇಲೆ ಹುಟ್ಟಿತು. ಆಗ ನನಗೆ ಹತ್ತು ವರ್ಷ, ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮನೆ ಇದ್ದದ್ದು ಶ್ರೀನಿವಾಸಪುರದಲ್ಲಿ. ಅದು ದೊಡ್ಡಮ್ಮನದು, ಅಂದರೆ ನನ್ನಮ್ಮನ ಅಕ್ಕನದು. ದೊಡ್ಡಪ್ಪನಿಗೆ ಮಾವಿನ ಮಂಡಿ ಇತ್ತು. ನಾವು ಮುಳಬಾಗಿಲಿನಲ್ಲಿದ್ದೆವು. ಅಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ನಮ್ಮದು ಬಾಡಿಗೆ ಮನೆ: ಕಲ್ಲು ಚಪ್ಪಡಿಯ ಸೂರು, ಕೆಂಪು ನೆಲ, ಎರಡು ಕೋಣೆ, ಬೇಸಿಗೆಯಲ್ಲಿ ಚಪ್ಪಡಿ ಕಾದು ರಾತ್ರಿಯವರೆಗೂ ಆರದ ಸೆಕೆ. ಅಂಥ ಮನೆಗಳನ್ನು ಈಗ ಜನ ಹೊಗಳುತ್ತಾರೆ. ಅದರೊಳಗೆ ಬೆಳೆದ ನನಗೆ ಹೊಗಳಬೇಕು ಅನ್ನಿಸಿದ್ದಿಲ್ಲ.

ಪ್ರತಿ ವರ್ಷ ಬೇಸಿಗೆ ರಜೆಗೆ ಅಮ್ಮ ನನ್ನನ್ನು ದೊಡ್ಡಮ್ಮನ ಮನೆಗೆ ಕರೆದುಕೊಂಡು ಹೋಗುತ್ತಿದ್ದಳು. ಹೊರಡುವ ದಿನ ನನ್ನ ಜಡೆಯನ್ನು ಎಂದಿಗಿಂತ ಬಿಗಿಯಾಗಿ ಹೆಣೆಯುತ್ತಿದ್ದಳು. ಕಣ್ಣಿನ ತುದಿ ಎಳೆದು ನೋಯುತ್ತಿತ್ತು. ಅದು ಯಾಕೆ ಅಂತ ಆಗ ನನಗೆ ಗೊತ್ತಾಗುತ್ತಿರಲಿಲ್ಲ. ಬಸ್ಸು ಮಾವಿನ ತೋಪುಗಳನ್ನು ದಾಟಿ ಊರು ಸೇರುತ್ತಿತ್ತು. ಅಲ್ಲಿಂದ ಹತ್ತು ನಿಮಿಷ ನಡೆದರೆ ಆ ಮನೆ.

ಅದನ್ನು ಎಂಬತ್ತರ ದಶಕದ ನಡುವಿನಲ್ಲಿ ಕಟ್ಟಿಸಿದ್ದರು. ಬೆಂಗಳೂರಿನಲ್ಲಿ ಆಗಷ್ಟೇ ಆರ್ಕಿಟೆಕ್ಚರ್ ಓದು ಮುಗಿಸಿದ್ದ ಒಬ್ಬ ಹುಡುಗ, ದೊಡ್ಡಪ್ಪನ ಯಾವುದೋ ವ್ಯಾಪಾರದ ಪರಿಚಯದವರ ಮಗ, ಅದಕ್ಕೆ ಪ್ಲಾನು ಹಾಕಿಕೊಟ್ಟಿದ್ದನಂತೆ. ರಸ್ತೆಯಿಂದ ನೋಡಿದರೆ ಮುಂದಿನ ಗೋಡೆಯ ತುದಿ ಎರಡೂ ಕಡೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಏರಿ ನಡುವೆ ಕೂಡುತ್ತಿತ್ತು. ಗೋಡೆಗೆ ತಿಳಿ ಗುಲಾಬಿ, ಅಂಚಿಗೆ ಪಿಸ್ತಾ ಹಸಿರು. ಪೋರ್ಟಿಕೋದ ಮುಂದೆ ಎರಡು ದಪ್ಪ ಕಂಬಗಳು. ಅವು ಏನನ್ನೂ ಹೊತ್ತಿರಲಿಲ್ಲ. ಒಬ್ಬ ಮನುಷ್ಯನ ಎದೆಯೆತ್ತರಕ್ಕೆ ಬೆಳೆದು, ತಲೆಯ ಮೇಲೆ ಒಂದೊಂದು ಸಿಮೆಂಟಿನ ಚೆಂಡು ಇಟ್ಟುಕೊಂಡು ಸುಮ್ಮನೆ ನಿಂತಿದ್ದವು. ಊರಿನವರು ಅದನ್ನು ಕೇಕ್ ಮನೆ ಎಂದು ಕರೆಯುತ್ತಿದ್ದರು. ದೊಡ್ಡಪ್ಪನ ಹೆಸರು ಹೇಳಿದರೆ ತಿಳಿಯದ ಆಟೋದವರಿಗೂ ಕೇಕ್ ಮನೆ ಅಂದರೆ ತಿಳಿಯುತ್ತಿತ್ತು.

ಒಳಗೆ ಕಾಲಿಟ್ಟರೆ ಎಲ್ಲರೂ ಕೂರುವ ಹಾಲು ಎರಡು ಮೆಟ್ಟಿಲು ಕೆಳಗೆ ಇತ್ತು. ಅದರ ನೆಲ ಕಪ್ಪು ಬಿಳುಪು ಚೌಕಗಳದು. ಹಾಲಿನ ಅಂಚಿಗೆ ಗೋಡೆಯ ಜೊತೆಗೇ ಸಿಮೆಂಟಿನ ಕಟ್ಟೆ ಕಟ್ಟಿ, ಅದರ ಮೇಲೆ ನೇರಳೆ ಬಣ್ಣದ ದಿಂಬುಗಳನ್ನು ಸಾಲಾಗಿ ಇಟ್ಟಿದ್ದರು. ಊಟದ ಕೋಣೆಗೂ ಹಾಲಿಗೂ ನಡುವೆ ಗಾಜಿನ ಇಟ್ಟಿಗೆಯ ಗೋಡೆ. ಆಚೆ ದೊಡ್ಡಮ್ಮ ಓಡಾಡಿದರೆ ಈಚೆಗೆ ಅವಳ ಸೀರೆಯ ಬಣ್ಣ ಮಾತ್ರ ನೀರಿನಲ್ಲಿ ಕಲಸಿದ ಹಾಗೆ ಕಾಣುತ್ತಿತ್ತು. ಮಹಡಿ ಮೆಟ್ಟಿಲು ತಿರುಗುವ ಜಾಗದಲ್ಲಿ ಹಳದಿ ಗಾಜಿನ ದುಂಡು ಕಿಟಕಿ. ಟ್ಯೂಬ್‌ಲೈಟುಗಳು ಎಲ್ಲೂ ಕಾಣುತ್ತಿರಲಿಲ್ಲ, ಸೂರಿನ ಅಂಚಿನೊಳಗೆ ಅಡಗಿಕೊಂಡು ಬೆಳಕು ಕೊಡುತ್ತಿದ್ದವು. ಕೈ ತೊಳೆಯುವ ಬೇಸಿನ್ ಕೂಡ ಬಿಳಿಯದಲ್ಲ, ನೀಲಿ.

ಇಷ್ಟೆಲ್ಲಾ ದೊಡ್ಡಮ್ಮನ ಒಬ್ಬಳೇ ಮಗಳಿಗೆ ಸೇರಿತ್ತು. ನನಗಿಂತ ಎರಡು ವರ್ಷ ದೊಡ್ಡವಳಾದ್ದರಿಂದ ನಾನು ಅವಳನ್ನು ಅಕ್ಕ ಅನ್ನುತ್ತಿದ್ದೆ. ಅವಳಿಗೆ ಅಂತಲೇ ಒಂದು ಕೋಣೆ ಇತ್ತು. ಬಾಗಿಲಿಗೆ ಕಮಾನು, ಬೀರುವಿನ ನೆತ್ತಿಗೆ ತ್ರಿಕೋನ, ಗೋಡೆಯಲ್ಲಿ ನೆಲಕ್ಕೆ ಹತ್ತಿರವಾಗಿ ಒಂದು ಪುಟ್ಟ ಚೌಕ ಕಿಟಕಿ. ನೆಲದ ಮೇಲೆ ಬೋರಲು ಮಲಗಿದರೆ ಅದರಿಂದ ತೋಟದ ಮಣ್ಣು, ಕೋಳಿಗಳ ಕಾಲು, ಬಂದವರ ಚಪ್ಪಲಿ ಕಾಣುತ್ತಿದ್ದವು. ನಾನು ರಜೆಯಲ್ಲಿ ಗಂಟೆಗಟ್ಟಲೆ ಅಲ್ಲಿ ಮಲಗಿರುತ್ತಿದ್ದೆ. ಅಕ್ಕ ಮಂಚದ ಮೇಲೆ ಕೂತು ಕೈಗೆ ಸಿಕ್ಕ ವಾರಪತ್ರಿಕೆ ಓದುತ್ತಿದ್ದಳು. ಆ ಕಿಟಕಿಯ ಕಡೆ ಅವಳು ತಿರುಗಿ ನೋಡಿದ್ದನ್ನು ನಾನು ಕಾಣೆ.

ನನಗೆ ಸಹಿಸಲು ಆಗದಿದ್ದದ್ದು ಅದೇ. ಅವಳು ಆ ಮನೆಯ ಬಗ್ಗೆ ಜಂಬ ಪಟ್ಟಿದ್ದರೆ ನಾನು ಅವಳನ್ನು ಬೈದುಕೊಂಡು ಸುಮ್ಮನಾಗುತ್ತಿದ್ದೆ. ಅವಳಿಗೆ ಆ ಮನೆ ಎಂದರೆ ನಾಚಿಕೆ. ಶಾಲೆಯಲ್ಲಿ ಹುಡುಗಿಯರು ಅವಳನ್ನು ಕೇಕು ಅಂತ ಕರೆಯುತ್ತಿದ್ದರಂತೆ, ಹುಟ್ಟಿದಹಬ್ಬಕ್ಕೆ ನಿಮ್ಮ ಗೋಡೇನೇ ಕುಯ್ದು ಹಂಚಿಬಿಡು ಅನ್ನುತ್ತಿದ್ದರಂತೆ. ಗೆಳತಿಯರ ಜೊತೆ ಬರುವಾಗ ಅವಳು ಬೀದಿಯ ತಿರುವಿನಲ್ಲೇ ನಿಂತು, ಅವರೆಲ್ಲ ಹೋದ ಮೇಲೆ ಒಬ್ಬಳೇ ಮನೆಗೆ ಬರುತ್ತಿದ್ದಳು. ಒಂದು ಸಲ ನಾನು, ಈ ಮನೆ ನಂದಾಗಿದ್ದಿದ್ದರೆ ಎಂದು ಏನೋ ಹೇಳಲು ಹೋದಾಗ ಅವಳು ಪತ್ರಿಕೆಯಿಂದ ತಲೆ ಎತ್ತದೆ, “ಬೇಕಾದ್ರೆ ತಗೊಂಡ್ಹೋಗೇ” ಅಂದಳು. ನನಗೆ ಅಳು ಬಂತು. ಕೊಡಲು ಆಗದ್ದನ್ನು ಅಷ್ಟು ಸಲೀಸಾಗಿ ಕೊಟ್ಟುಬಿಡುವವಳ ಮೇಲೆ ಎಂಥ ಸಿಟ್ಟು ಬರುತ್ತದೆಂದು ಅವತ್ತು ಗೊತ್ತಾಯಿತು.

ಆ ವರ್ಷ ಮುಳಬಾಗಿಲಿಗೆ ಹಿಂತಿರುಗಿದ ಮೇಲೆ ನಾನು ಬಣ್ಣದ ಸೀಮೆಸುಣ್ಣದಿಂದ ನಮ್ಮ ಮನೆಯ ನಡುಕೋಣೆಯ ಗೋಡೆಗೆ ಕಮಾನು ಬರೆದೆ. ಎರಡು ಪಕ್ಕ ಕಂಬ, ಕಂಬದ ಮೇಲೆ ಚೆಂಡು. ಏಟು ಬೀಳುತ್ತದೆಂದು ಕಾದಿದ್ದೆ. ಅಮ್ಮ ಒದ್ದೆ ಬಟ್ಟೆ ಹಿಡಿದು ಬಂದು ಗೋಡೆಯ ಮುಂದೆ ಸ್ವಲ್ಪ ಹೊತ್ತು ನಿಂತಳು, ಒರೆಸದೆ ಹೋದಳು. ಸಂಜೆ ಅಪ್ಪ ಬಂದಾಗ ಅವಳು ಕಾಫಿ ಕೊಡುತ್ತಾ, ಮನೆ ಯಜಮಾನರನ್ನು ಕೇಳಿ ಬಾಗಿಲ ಮೇಲೊಂದು ಕಮಾನು ಮಾಡಿಸಬಹುದೇ ಎಂದು ಕೇಳಿದಳು. ಕಲ್ಲಿನ ಗೋಡೆ, ಬಾಡಿಗೆ ಮನೆ, ನಿನಗೇನು ತಲೆ ಕೆಟ್ಟಿದೆಯಾ ಅಂದರು ಅಪ್ಪ. ಅಮ್ಮ ಮತ್ತೆ ಆ ಮಾತು ಎತ್ತಲಿಲ್ಲ. ಆಮೇಲಿಂದ ದೊಡ್ಡಮ್ಮನ ಮನೆ ಮಾತು ಬಂದಾಗಲೆಲ್ಲ, ಅಷ್ಟು ಮೂಲೆ ಇರೋ ಮನೇಲಿ ಕಸ ಗುಡಿಸೋದಕ್ಕೇ ಬೆನ್ನು ಹೋಗತ್ತೆ ಅನ್ನುತ್ತಿದ್ದಳು. ನನ್ನ ಜಡೆ ಯಾಕೆ ಅಷ್ಟು ಬಿಗಿಯಾಗಿರುತ್ತಿತ್ತೆಂದು ನನಗೆ ಅಂದಾಜು ಸಿಕ್ಕಿತು.

ಹತ್ತನೇ ತರಗತಿ ಮುಗಿಸಿ ನಾನು ಕೋಲಾರದಲ್ಲಿ ಸಿವಿಲ್ ಡಿಪ್ಲೊಮಾ ಸೇರಿದೆ. ಯಾಕೆ ಅದನ್ನೇ ಆರಿಸಿದೆ ಎಂದು ಯಾರಾದರೂ ಕೇಳಿದರೆ, ಬೇಗ ಕೆಲಸ ಸಿಗುತ್ತೆ ಅಂತ ಹೇಳುತ್ತಿದ್ದೆ. ಅಲ್ಲಿನ ಗ್ರಂಥಾಲಯದಲ್ಲಿ ಒಂದು ದಿನ ಹಳೆಯ ಇಂಗ್ಲಿಷ್ ಪತ್ರಿಕೆಯಲ್ಲಿ ಯಾವುದೋ ದೂರ ದೇಶದ ಮನೆಯ ಫೋಟೋ ನೋಡಿ ಕೂತಲ್ಲೇ ಕೂತುಬಿಟ್ಟೆ. ಗುಲಾಬಿ ಗೋಡೆ, ಮೆಟ್ಟಿಲು ಮೆಟ್ಟಿಲಾದ ತುದಿ, ಏನನ್ನೂ ಹೊರದ ಕಂಬಗಳು. ಆ ಬಗೆಗೆ ಪೋಸ್ಟ್ ಮಾಡರ್ನ್ ಅಂತ ಹೆಸರಂತೆ. ಬರೀ ಉಪಯೋಗ ನೋಡಿ ಕಟ್ಟಿದ ಬೋಳು ಪೆಟ್ಟಿಗೆಗಳಿಂದ ಬೇಸತ್ತವರು, ಕಟ್ಟಡದಲ್ಲೂ ಒಂದಿಷ್ಟು ತಮಾಷೆ ಇರಲಿ, ಹಳೆಯ ಕಾಲದ ಕಮಾನು ಕಂಬಗಳು ಆಟದ ಸಾಮಾನಿನ ಹಾಗೆ ಬರಲಿ ಎಂದು ಮಾಡಿದ್ದಂತೆ. ಅಲ್ಲಿಯವರೆಗೆ ನಾನು ಆ ಮನೆಯನ್ನು ಮೆಚ್ಚುವುದು ನನ್ನದೇ ಒಂದು ಹುಚ್ಚು ಅಂದುಕೊಂಡಿದ್ದೆ. ಅದು ನಿಜಕ್ಕೂ ದೊಡ್ಡ ವಿಷಯ ಎಂದು ತಿಳಿದಾಗ ಖುಷಿಯಾಗಬೇಕಿತ್ತು. ಆಗಲಿಲ್ಲ. ಇಷ್ಟು ದೊಡ್ಡ ವಿಷಯ ಅದರ ಬೆಲೆಯೇ ತಿಳಿಯದ ಅವಳಿಗೆ ಸಿಕ್ಕಿದೆಯಲ್ಲ ಎಂದು ಹೊಟ್ಟೆ ಇನ್ನಷ್ಟು ಉರಿಯಿತು.

ಡಿಪ್ಲೊಮಾ ಮುಗಿದ ಮೇಲೆ ಕೋಲಾರದಲ್ಲೇ ಒಬ್ಬ ಇಂಜಿನಿಯರರ ಕಚೇರಿಯಲ್ಲಿ ಪ್ಲಾನು ಬರೆಯುವ ಕೆಲಸ ಸಿಕ್ಕಿತು. ಅಲ್ಲಿ ನಾನು ಬರೆದ ಮನೆಗಳೆಲ್ಲ ಒಂದೇ ಥರದವು: ಮುಂದೆ ಕಾರು ನಿಲ್ಲಿಸುವ ಜಾಗ, ಹಾಲು, ಎರಡು ಬೆಡ್‌ರೂಮು, ಮೇಲೆ ಬಾಡಿಗೆಗೆ ಇನ್ನೊಂದು. ಅಷ್ಟರಲ್ಲಿ ಅಕ್ಕನಿಗೆ ಮದುವೆಯಾಗಿ ಅವಳು ಮಾಲೂರಿಗೆ ಹೋಗಿದ್ದಳು. ಭಾವ ದಿನಾ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಬರುತ್ತಿದ್ದರು.

ಅಕ್ಕನ ಮದುವೆಯಾಗಿ ಎರಡು ವರ್ಷದ ನಂತರ ದೊಡ್ಡಮ್ಮ ಹಾಲಿನ ಮೆಟ್ಟಿಲಲ್ಲಿ ಜಾರಿ ಬಿದ್ದಳು. ಮೊದಲೇ ನೋವಿದ್ದ ಮಂಡಿ ಇನ್ನೂ ಕೆಟ್ಟಿತು. ನೋಡಲು ಬಂದವರಲ್ಲಿ ಯಾರೋ ಒಬ್ಬರು ವಾಸ್ತು ನೋಡುವವರನ್ನು ಕರೆತಂದರು. ಅವರು ಮನೆ ಸುತ್ತಿ, ಹಾಲು ತಗ್ಗಿನಲ್ಲಿರುವುದು ದೋಷ, ಭಾರ ಹೊರದ ಕಂಬ ದೋಷ, ದುಂಡು ಕಿಟಕಿಯಂತೂ ಇರಲೇಬಾರದು ಎಂದು ಹೇಳಿ ಹೋದರು. ದೊಡ್ಡಪ್ಪ ನನಗೆ ಫೋನು ಮಾಡಿ, ಭಾನುವಾರ ಬಂದು ಹೋಗು ಅಂದರು.

ನಾನು ಹೋದಾಗ ದೊಡ್ಡಮ್ಮ ಕಾಲನ್ನು ಸ್ಟೂಲಿನ ಮೇಲೆ ಚಾಚಿ ಕೂತಿದ್ದಳು. ದೊಡ್ಡಪ್ಪ ಬೀರುವಿನಿಂದ ಒಂದು ನೀಲಿ ಕಾಗದದ ಸುರುಳಿ ತಂದು ನನ್ನ ಕೈಗಿಟ್ಟರು. ಮನೆಯ ಹಳೇ ಪ್ಲಾನು. ಸಾವಕಾಶವಾಗಿ ನೋಡು, ಊಟ ಆದ ಮೇಲೆ ಮಾತಾಡೋಣ ಅಂದರು.

ಊಟದ ಮೇಜಿನ ಮೇಲೆ ಅದನ್ನು ಬಿಡಿಸಿ, ನಾಲ್ಕು ಮೂಲೆಗೂ ಲೋಟ ಇಟ್ಟು ನೋಡಿದೆ. ಆ ಆರ್ಕಿಟೆಕ್ಟ್ ಹುಡುಗ ಮೇಸ್ತ್ರಿಗೆ ಅರ್ಥವಾಗಲೆಂದು ಅಲ್ಲಲ್ಲಿ ಕನ್ನಡದಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದ. ದುಂಡು ಕಿಟಕಿಯ ಪಕ್ಕ, ಬೆಳಗ್ಗೆ ಮಗು ಶಾಲೆಗೆ ಇಳಿದು ಬರುವಾಗ ಮೆಟ್ಟಿಲ ಮೇಲೆ ಹಳದಿ ಬಿಸಿಲು ಬೀಳಬೇಕು, ಎಂದಿತ್ತು. ಮುಂದಿನ ಕಂಬಗಳ ಪಕ್ಕ, ಮಗು ಹಿಂದೆ ಬಚ್ಚಿಟ್ಟುಕೊಳ್ಳುವಷ್ಟು ದಪ್ಪ ಇರಲಿ, ಎಂದಿತ್ತು. ಕೋಣೆಯ ಪುಟ್ಟ ಕಿಟಕಿಗೆ ಬಾಣದ ಗುರುತು ಹಾಕಿ, ಇದು ಮಗುವಿಗೆ, ನೆಲದಿಂದ ಒಂದೇ ಅಡಿ, ಎತ್ತರಿಸಬೇಡಿ, ಎಂದು ಕೆಳಗೆ ಗೆರೆ ಎಳೆದಿದ್ದ.

ಮಗು ಅಂದರೆ ಅಕ್ಕ. ಮನೆ ಕಟ್ಟುವಾಗ ಅವಳಿಗೆ ಐದು ವರ್ಷ. ಯಾರೋ ಒಬ್ಬ, ಸಂಬಂಧವೂ ಇಲ್ಲದವನು, ಕೂತು, ಒಂದು ಐದು ವರ್ಷದ ಹುಡುಗಿ ಬೆಳಗ್ಗೆ ಎದ್ದು ಏನು ನೋಡುತ್ತಾಳೆ, ಎಲ್ಲಿ ಅಡಗುತ್ತಾಳೆ, ಎಲ್ಲಿ ಮಲಗುತ್ತಾಳೆ ಎಂದು ಯೋಚಿಸಿ ಒಂದು ಇಡೀ ಮನೆ ಕಟ್ಟಿದ್ದ. ಆ ಕಂಬದ ಹಿಂದೆ ಅಡಗಿದವಳು ನಾನು. ಆ ಕಿಟಕಿಯ ಮುಂದೆ ಮಲಗಿದವಳು ನಾನು. ಆದರೆ ಅವನು ಯೋಚಿಸಿದ್ದು ನನ್ನನ್ನಲ್ಲ. ಯಾರೂ ಯಾವತ್ತೂ ನನಗೋಸ್ಕರ ಒಂದು ಗೂಡನ್ನೂ ಯೋಚಿಸಿ ಕಟ್ಟಿದ್ದಿಲ್ಲ. ನನಗಾಗ ಇಪ್ಪತ್ತೆರಡು ವರ್ಷ, ಸ್ವಂತ ಸಂಬಳ ಇತ್ತು. ಆದರೂ ಆ ಮೇಜಿನ ಮುಂದೆ ನನ್ನಲ್ಲಿ ಎದ್ದದ್ದು ಹತ್ತು ವರ್ಷದ ಹುಡುಗಿಯ ಹೊಟ್ಟೆಕಿಚ್ಚೇ. ವಯಸ್ಸಾದಂತೆ ಅದು ಒಂದು ಚೂರೂ ತೆಳುವಾಗಿರಲಿಲ್ಲ.

ಊಟವಾದ ಮೇಲೆ ದೊಡ್ಡಪ್ಪ ಎದುರಿಗೆ ಕೂತರು. ವಾಸ್ತುವಿನ ಮಾತನ್ನು ಅವರು ಪೂರ್ತಿ ನಂಬಿರಲಿಲ್ಲ, ಅದು ಅವರ ಮುಖದಲ್ಲೇ ಕಾಣುತ್ತಿತ್ತು.

“ನಮ್ಮೋರಲ್ಲಿ ಇದನ್ನ ಓದಿರೋಳು ನೀನೊಬ್ಳೇ ಕಣಮ್ಮಾ,” ಅಂದರು. “ನೀನು ಇರ್ಲಿ ಅಂದ್ರೆ ಇರುತ್ತೆ. ತೆಗ್ಸು ಅಂದ್ರೆ ತೆಗೆಸ್ತೀನಿ. ನಿನ್ ಮಾತೇ ಕೊನೆ.”

ದೊಡ್ಡಮ್ಮನ ಮಂಡಿಗೆ ಏನು ಬೇಕೆಂದು ನನಗೆ ಗೊತ್ತಿತ್ತು. ಮೆಟ್ಟಿಲ ಒಂದು ಪಕ್ಕ ಇಳಿಜಾರು ಮಾಡಿ, ಹಿಡಿದುಕೊಳ್ಳಲು ಒಂದು ಕಂಬಿ ಹಾಕಿದ್ದರೆ ಸಾಕಿತ್ತು. ಎರಡು ದಿನದ ಕೆಲಸ. ಅದನ್ನು ಹೇಳಲು ಬಾಯಿ ತೆರೆದೆ ಕೂಡ.

“ತೆಗೆಸ್ಬಿಡೋದೇ ಒಳ್ಳೇದು ದೊಡ್ಡಪ್ಪ,” ಅಂದೆ. “ಹಾಲು ಎತ್ತರಿಸ್ಬಿಡಿ. ಕಂಬಗಳಿಂದ ಏನೂ ಉಪಯೋಗ ಇಲ್ಲ. ಮುಂದಿನ ಗೋಡೆ ನೇರ ಮಾಡ್ಸಿದ್ರೆ ನೋಡೋಕೂ ಚೆನ್ನಾಗಿರುತ್ತೆ.”

“ಅಂತೇನಾ ಅಮ್ಮಾ?” ಅಂದರು ದೊಡ್ಡಪ್ಪ, ಅಷ್ಟೇನಾ ಎಂದು. ಮನಸ್ಸು ಕುಗ್ಗಿದಾಗ ಅವರಿಗೆ ತೆಲುಗೇ ಬರುತ್ತಿತ್ತು. “ಎಲ್ಲಾನೂ ತೆಗಿಯೋದೇನಾ?”

ಎಲ್ಲಾನೂ, ಅಂದೆ. ಮುಂದಿನ ವಾರ ಕಚೇರಿಯಲ್ಲಿ ಕೂತು ಹೊಸ ಪ್ಲಾನನ್ನು ನಾನೇ ಬರೆದುಕೊಟ್ಟೆ. ಪುಟ್ಟ ಕಿಟಕಿಯನ್ನು ಮೂರಡಿ ಎತ್ತರಿಸಿದೆ.

ಕೆಲಸ ಶುರುವಾದಾಗ ನಾನೇ ರಜೆ ಹಾಕಿ ನಿಂತು ನೋಡಿಕೊಂಡೆ. ಕಂಬಗಳು ಬಹಳ ಹೊತ್ತು ಹಿಡಿಯಲಿಲ್ಲ, ಒಳಗೆ ಬರೀ ಇಟ್ಟಿಗೆ ಚೂರು. ಗೋಡೆಯ ಮೆಟ್ಟಿಲುಗಳನ್ನು ಒಂದೊಂದಾಗಿ ಮೇಲಿನಿಂದ ಕೆಡವಿದರು. ಗಾಜಿನ ಇಟ್ಟಿಗೆಗಳು ಒಂದೂ ಇಡಿಯಾಗಿ ಹೊರಬರಲಿಲ್ಲ. ಹಾಲಿಗೆ ಮಣ್ಣು, ಜಲ್ಲಿ ಸುರಿದು ತುಂಬಿಸುತ್ತಾ ಬಂದರು. ಕಪ್ಪು ಬಿಳುಪು ಚೌಕಗಳು ಮೊದಲು ಮೂಲೆಯಲ್ಲಿ, ಆಮೇಲೆ ನಡುವಿನಲ್ಲಿ ಮುಚ್ಚಿಹೋದವು. ನನಗೆ ಹಾಯೆನಿಸುತ್ತದೆ ಅಂದುಕೊಂಡಿದ್ದೆ. ಮೊದಲ ದಿನ ಅನ್ನಿಸಿತು ಕೂಡ, ಸುಳ್ಳು ಹೇಳಬಾರದು. ಇನ್ನು ಅವಳಿಗೂ ಇಲ್ಲ ಎಂಬ ಒಂದು ಸಮಾಧಾನ. ಎರಡನೆಯ ದಿನದ ಹೊತ್ತಿಗೆ ಅದು ಮುಗಿದುಹೋಗಿ, ಎದುರಿಗೆ ಬರೀ ಧೂಳು ಉಳಿಯಿತು.

ಮೂರನೆಯ ದಿನ ಅಕ್ಕ ಮಾಲೂರಿನಿಂದ ಬಂದಳು. ಸೊಂಟದ ಮೇಲೆ ಒಂದು ವರ್ಷದ ಮಗಳು. ಗೇಟಿನ ಹತ್ತಿರವೇ ನಿಂತುಬಿಟ್ಟಳು. ಕಂಬಗಳಿದ್ದ ಜಾಗ, ಚಪ್ಪಟೆಯಾದ ಮುಂದಿನ ಗೋಡೆ, ಎಲ್ಲವನ್ನೂ ನೋಡಿ ನನ್ನ ಹತ್ತಿರ ಬಂದಳು.

“ನಿನ್ನನ್ನ ಕೇಳು ಅಂತ ಅಪ್ಪಂಗೆ ಹೇಳಿದ್ದು ನಾನು ಕಣೇ,” ಅಂದಳು. “ನೀನು ಕೆಡವೋದು ಬೇಡ ಅಂತೀಯ, ಮನೆ ಉಳಿಯುತ್ತೆ ಅಂತ.”

ನಾನು ದೊಡ್ಡಮ್ಮನ ಮಂಡಿಯ ವಿಷಯ ಹೇಳಿದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅವಳು ತಲೆಯಾಡಿಸಿ ಒಳಗೆ ಹೋಗಿ, ಮಗುವಿಗೆ ಧೂಳು ಆಗುವುದಿಲ್ಲವೆಂದು ಮಧ್ಯಾಹ್ನದ ಬಸ್ಸಿಗೇ ಹೊರಟುಹೋದಳು.

ದೊಡ್ಡಮ್ಮನಿಗೆ ಮಾತ್ರ ಹೊಸ ಹಾಲು ತುಂಬಾ ಹಿಡಿಸಿತು. ಯಾರ ಕೈಯನ್ನೂ ಹಿಡಿಯದೆ ಅಡುಗೆಮನೆಯಿಂದ ಬಾಗಿಲವರೆಗೆ ನಡೆಯುತ್ತಿದ್ದಳು. ದೊಡ್ಡಪ್ಪ ಎಲ್ಲಾ ಸರಿಯಾಗಿದೆ ಅನ್ನುತ್ತಿದ್ದರು, ಆದರೆ ಹಾಲಿನಲ್ಲಿ ಕೂರುವುದನ್ನು ಬಿಟ್ಟರು. ಪೋರ್ಟಿಕೋದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಪೇಪರು ಓದುತ್ತಿದ್ದರು. ಊರಿನವರಿಗೆ ಮನೆಯನ್ನು ಏನೆಂದು ಕರೆಯಬೇಕೆಂದು ತಿಳಿಯದೆ, ಹಳೇ ಕೇಕ್ ಮನೆ ಅನ್ನತೊಡಗಿದರು.

ಐದಾರು ತಿಂಗಳು ನಾನು ಅಕ್ಕನ ಮುಖ ತಪ್ಪಿಸಿದೆ. ನೀಲಿ ಸುರುಳಿ ನನ್ನ ಹತ್ತಿರವೇ ಉಳಿದಿತ್ತು. ಕೊನೆಗೆ ಒಂದು ಶನಿವಾರ ಅದನ್ನು ಹಿಡಿದುಕೊಂಡು ಕೋಲಾರದಿಂದ ಮಾಲೂರಿನ ಬಸ್ಸು ಹತ್ತಿದೆ. ಊರು ಹತ್ತಿರವಾದಂತೆ ರಸ್ತೆಯ ಎರಡೂ ಕಡೆ ಇಟ್ಟಿಗೆ ಗೂಡುಗಳು. ಅಷ್ಟೊಂದು ಇಟ್ಟಿಗೆ ನೋಡುತ್ತಾ, ಹೇಳಬೇಕಾದ ಮಾತನ್ನು ನಾಲ್ಕು ಥರ ಜೋಡಿಸಿಕೊಂಡೆ. ಅವಳ ಮನೆ ಬಾಗಿಲಲ್ಲಿ ಯಾವುದೂ ನೆನಪಿಗೆ ಬರಲಿಲ್ಲ.

ಅಕ್ಕ ಮಗಳಿಗೆ ಅನ್ನ ತಿನ್ನಿಸುತ್ತಿದ್ದಳು. ನಾನು ನಿಂತುಕೊಂಡೇ, “ಅಕ್ಕಾ, ನಾನು ಹೊಟ್ಟೆಕಿಚ್ಚಿಂದ ಹೇಳ್ದೆ. ದೊಡ್ಡಮ್ಮನ ಕಾಲಿಗೆ ಬೇರೆ ದಾರಿ ಇತ್ತು,” ಅಂದೆ.

ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ. ಆ ಮನೇಗಾ, ಎಂದು ಕೇಳಿದಳು. ಹೌದು ಅಂದೆ. ಚಿಕ್ಕಂದಿನಿಂದಲಾ, ಎಂದು ಕೇಳಿದಳು. ಅದಕ್ಕೂ ಹೌದು ಅಂದೆ. ಸುರುಳಿಯನ್ನು ಬಿಡಿಸಿ ನೆಲದ ಮೇಲೆ ಹಾಸಿ, ಬಾಣದ ಗುರುತು ಇದ್ದ ಜಾಗ ತೋರಿಸಿದೆ. ಅವಳು ಎಂಜಲು ಕೈಯನ್ನು ದೂರ ಹಿಡಿದುಕೊಂಡು ಬಗ್ಗಿ ಓದಿದಳು. ಒಂದು ಸಲ ಓದಿ, ದುಂಡು ಕಿಟಕಿಯದನ್ನು ಓದಿ, ಮತ್ತೆ ಇದನ್ನೇ ಓದಿದಳು.

“ನಂಗಿದು ಯಾರೂ ಹೇಳೇ ಇಲ್ಲ,” ಅಂದಳು. ಮಗಳ ಬಾಯಿಗೆ ಇನ್ನೊಂದು ತುತ್ತು ಇಟ್ಟು, “ನಂಗೆ ಆ ಮನೆ ಕಂಡ್ರೆ ಆಗ್ತಿರ್ಲಿಲ್ಲ. ನೀನು ರಜಕ್ಕೆ ಬಂದಾಗ ಮಾತ್ರ ಚೆನ್ನಾಗಿ ಕಾಣ್ತಿತ್ತು. ನೀನು ನೋಡೋದನ್ನ ನೋಡಿ” ಅಂದಳು.

ಕ್ಷಮಿಸಿದಳು ಎಂದು ಇದರ ಅರ್ಥವಲ್ಲ. ಅವತ್ತು ಊಟ ಹಾಕಿ ಕಳಿಸಿದಳು. ಆಮೇಲೆ ಒಂದು ವರ್ಷ ಪೂರ್ತಿ ನನಗೆ ಫೋನು ಮಾಡಲಿಲ್ಲ, ನಾನು ಮಾಡಿದರೆ ಭಾವನ ಕೈಗೆ ಕೊಡುತ್ತಿದ್ದಳು. ಅದು ನನಗೆ ಸಿಗಬೇಕಾದದ್ದೇ. ನನ್ನ ಮದುವೆಗೆ ಬಂದಳು, ಎರಡು ದಿನ ಮುಂಚೆಯೇ ಬಂದು ಅಮ್ಮನ ಜೊತೆ ಕೆಲಸಕ್ಕೆ ನಿಂತಳು. ಅಲ್ಲಿಂದ ಮಾತು ಮೊದಲಿನ ಹಾಗಾಯಿತು, ಅಥವಾ ಮೊದಲಿಗಿಂತ ಸ್ವಲ್ಪ ಹೆಚ್ಚೇ ಆಯಿತು.

ಇನ್ನೂ ಕೆಲವು ವರ್ಷಗಳ ನಂತರ ಅವರು ಮಾಲೂರಿನಲ್ಲಿ ಸ್ವಂತ ಮನೆ ಕಟ್ಟಿಸಿದರು. ಪ್ಲಾನು ಬರೆಯಲು ನನ್ನನ್ನು ಕೇಳಲಿಲ್ಲ. ಭಾವನ ಗೆಳೆಯರೊಬ್ಬರು ಬರೆದರು. ಗೃಹಪ್ರವೇಶದ ದಿನ ಹೋಮದ ಹೊಗೆ ಇಳಿದ ಮೇಲೆ ಅಕ್ಕ ನನ್ನ ಕೈ ಹಿಡಿದು ಮನೆಯೆಲ್ಲ ತೋರಿಸಿದಳು. ಹೊಳೆಯುವ ಬಿಳಿ ಟೈಲ್ಸು, ಕಪ್ಪು ಗ್ರಾನೈಟಿನ ಅಡುಗೆಕಟ್ಟೆ, ನೇರ ಗೋಡೆ, ಮುಂದೆ ಕಾರಿಗೆ ಜಾಗ. ನಾನು ಕೋಲಾರದ ಕಚೇರಿಯಲ್ಲಿ ಎಷ್ಟೋ ಸಲ ಬರೆದ ಮನೆ. ಅವಳು ಒಂದೊಂದು ಸ್ವಿಚ್ಚು ಹಾಕಿ ಆರಿಸಿ ತೋರಿಸಿದಳು. ಅವಳು ಒಂದು ಮನೆಯೊಳಗೆ ಅಷ್ಟು ಸಂತೋಷವಾಗಿದ್ದನ್ನು ನಾನು ಅದೇ ಮೊದಲು ನೋಡಿದ್ದು.

“ಹೆಂಗಿದೆ ಹೇಳೇ,” ಅಂದಳು.

ಶ್ರೀನಿವಾಸಪುರದ ಮನೆಯನ್ನು ಅಷ್ಟು ವರ್ಷ ನೋಡಿಯೂ, ಚೆನ್ನಾಗಿದೆ ಎಂಬ ಒಂದು ಮಾತನ್ನು ನಾನು ಅವಳ ಹತ್ತಿರ ಆಡಿರಲಿಲ್ಲ. ಬಾಯಿಗೆ ಬಂದದ್ದನ್ನು ನುಂಗಿಬಿಡುತ್ತಿದ್ದೆ. ಅವತ್ತು ನುಂಗಬೇಕಾಗಲಿಲ್ಲ.

“ತುಂಬಾ ಚೆನ್ನಾಗಿದೆ ಅಕ್ಕಾ,” ಅಂದೆ. ನನಗೆ ಅದರಲ್ಲಿ ಏನೂ ಬೇಕಿರಲಿಲ್ಲ, ಅದಕ್ಕೇ ಅಷ್ಟು ಸುಲಭವಾಗಿ ಬಂತು. ಅವಳು ನಕ್ಕು, ಮಹಡಿ ಇನ್ನೂ ನೋಡಿಲ್ಲ ಬಾ, ಎಂದು ಮುಂದೆ ನಡೆದಳು. ನಾನು ಹಿಂದೆ ಹೋದೆ.